ಮರಣದ ಲೆಕ್ಕದಲ್ಲಿ ರಕ್ತರೋಗದ ಹೆಸರು

ನಮ್ಮ ಭಾಗದ ಇತಿಹಾಸವನ್ನು ಬರೆಯಹೊರಟವರು ಸವದತ್ತಿಯ ರಟ್ಟರ ಶಾಸನಗಳಿಂದ ತೊಡಗಿ, ಕಿತ್ತೂರ ದೇಸಗತಿಯ ಕಾಗದಪತ್ರಗಳನ್ನು ತಿರುವಿಹಾಕಿ, ರಾಮದುರ್ಗದ ಭಾವೆಯವರ ಸಂಸ್ಥಾನದವರೆಗೆ ಬಂದು ಲೇಖನಿಯನ್ನು ಕೆಳಗಿಡುವದು ವಾಡಿಕೆಯಾಗಿದೆ. ಯಾವ ಅರಸನು ಯಾವ ಬಸದಿಗೆ ಎಷ್ಟು ಮತ್ತರು ಭೂಮಿಯನ್ನು ಬಿಟ್ಟನೆಂಬದು ಕಲ್ಲಿನ ಮೇಲೆ ಉಳಿದಿದೆ. ಅದನ್ನು ಓದಬಲ್ಲ ವಿದ್ವಾಂಸರೂ ನಮ್ಮಲ್ಲಿದ್ದಾರೆ. ಆದರೆ ಯಾವ ಊರಿನಲ್ಲಿ ಎಷ್ಟು ಕೂಸುಗಳು ಯಾವ ಬೇನೆಯಿಂದ ತೀರಿಕೊಂಡವೆಂಬ ಲೆಕ್ಕವೂ ಒಂದು ಬಗೆಯ ಶಾಸನವೇ ಸರಿ. ಅದನ್ನು ಬರೆದವನು ಕವಿಯಲ್ಲ, ಹಳ್ಳಿಯ ಕುಲಕರ್ಣಿ. ಬರೆದದ್ದು ಶಿಲೆಯ ಮೇಲಲ್ಲ, ಸರಕಾರವು ಅಚ್ಚು ಹಾಕಿಸಿ ಕಳುಹಿದ ಕೋಷ್ಟಕದ ಮನೆಗಳಲ್ಲಿ. ಆ ಮನೆಗಳು ಎಷ್ಟಿದ್ದವು, ಅವುಗಳಿಗೆ ಏನೇನು ಹೆಸರಿದ್ದವು, ಯಾವ ರೋಗಕ್ಕೆ ಮನೆಯೇ ಇರಲಿಲ್ಲ ಎಂಬದನ್ನು ನೋಡಿದರೆ ಒಂದು ಬೇರೆಯೇ ಇತಿಹಾಸವು ಕಣ್ಣಿಗೆ ಬೀಳುವದು. ಹುಟ್ಟಿನಿಂದ ಬಂದು ಸಾಯುವ ತನಕ ಬೆನ್ನು ಬಿಡದ ರಕ್ತರೋಗಗಳಿಗೆ ಈ ಲೆಕ್ಕದ ಪುಸ್ತಕದಲ್ಲಿ ಒಂದು ಹೆಸರೂ ಒಂದು ಅಂಕವೂ ಹೇಗೆ ದೊರೆತವೆಂಬದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಟ್ಟಿಗೆ ವಾಚಕರ ಮುಂದೆ ಇಡುವದು ಈ ಲೇಖದ ಉದ್ದೇಶವು.

ರೋಗದ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವದು ಒಳ್ಳೆಯದು. ಮುಖ್ಯವಾಗಿ ಹೇಳತಕ್ಕದ್ದು ಥಲಸ್ಸೀಮಿಯಾ ಎಂಬ ರೋಗವನ್ನು. ನಮ್ಮ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ ಎಂಬ ಪದಾರ್ಥವನ್ನು ಕಟ್ಟುವ ಅಪ್ಪಣೆಯು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಜೋಡಿಯಾಗಿ ಬರುವದು. ಒಂದು ಕೆಟ್ಟು ಇನ್ನೊಂದು ನೆಟ್ಟಗಿದ್ದರೆ ಆ ಮನುಷ್ಯನು ಸಾಮಾನ್ಯವಾಗಿ ಎಲ್ಲರಂತೆಯೇ ಬಾಳುವನು. ಅಂಥವನಿಗೆ ವಾಹಕನೆಂದು ಹೆಸರು. ಎರಡೂ ಕೆಟ್ಟಿದ್ದರೆ ಕೂಸು ಹುಟ್ಟುವಾಗ ಚೆನ್ನಾಗಿಯೇ ಇದ್ದು, ಕೆಲವು ತಿಂಗಳು ಕಳೆಯುವದರೊಳಗೆ ಬೆಳ್ಳಗಾಗತೊಡಗುವದು. ಹಾಲು ಕುಡಿಯುವಾಗ ದಣಿಯುವದು. ಎಡಪಕ್ಕೆಯ ಕೆಳಗೆ ಗುಲ್ಮವು ಬೆಳೆದು ಹೊಟ್ಟೆಯು ಮುಂದಕ್ಕೆ ಬರುವದು. ಕ್ರಮೇಣ ಕೆನ್ನೆಯ ಎಲುಬುಗಳೂ ಹಣೆಯೂ ಉಬ್ಬುವವು. ಅಂಥ ಮಗುವಿಗೆ ಎರಡು ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತವನ್ನು ಏರಿಸುತ್ತ ಹೋಗಬೇಕು. ಏರಿಸಿದ ರಕ್ತದೊಳಗಿನ ಕಬ್ಬಿಣವು ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಬೀಳುವದರಿಂದ ಅದನ್ನು ಹೊರಗೆ ಹಾಕುವ ಔಷಧವನ್ನೂ ನಿತ್ಯ ಕೊಡಬೇಕು. ಇದರ ದಾಯಾದಿಯೆನ್ನಬಹುದಾದ ಇನ್ನೊಂದು ರೋಗವು ಸಿಕಲ್ ಸೆಲ್. ಅದರಲ್ಲಿ ದುಂಡಗಿರಬೇಕಾದ ರಕ್ತಕಣಗಳು ಕುಡಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವನ್ನುಂಟುಮಾಡುವವು. ಗಾಯವಾದರೆ ರಕ್ತವು ಹೆಪ್ಪುಗಟ್ಟದ ಹಿಮೋಫಿಲಿಯಾ ಮೂರನೆಯದು.

ಇವು ನಿನ್ನೆ ಮೊನ್ನೆ ಹುಟ್ಟಿದ ರೋಗಗಳಲ್ಲ. ಹೆಸರುಗಳು ಮಾತ್ರ ಹೊಸವು. ನಮ್ಮ ವೈದ್ಯರು ಮೈ ಬಿಳುಪೇರಿದ ರೋಗಿಯನ್ನು ಕಂಡು ‘ಪಾಂಡು’ ಎಂದರು. ಚರಕಸಂಹಿತೆಯು ಪಾಂಡುರೋಗವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ವಾತ, ಪಿತ್ತ, ಕಫಗಳಿಂದ ಮೂರು, ಮೂರೂ ಕೂಡಿ ಕೆರಳಿದ್ದರಿಂದ ಒಂದು, ಮಣ್ಣು ತಿಂದದ್ದರಿಂದ ಒಂದು. ಗುಲ್ಮ ಬೆಳೆದದ್ದನ್ನು ಪ್ಲೀಹೋದರವೆಂದು ಬೇರೆಯಾಗಿ ಎಣಿಸಿದರು. ಮಣ್ಣು ತಿನ್ನುವ ಮಗುವನ್ನು ರಕ್ತಹೀನತೆಯೊಡನೆ ಜೋಡಿಸಿದ ಆ ಪ್ರಾಚೀನರ ಸೂಕ್ಷ್ಮದೃಷ್ಟಿಗೆ ಇಂದಿನ ವೈದ್ಯನೂ ತಲೆದೂಗುವನು. ಆದರೆ ಲಕ್ಷಣವನ್ನು ಹಿಡಿದು ಹೆಸರಿಡುವ ಪದ್ಧತಿಯಲ್ಲಿ ಒಂದೇ ಬಿಳುಪಿನ ಹಿಂದೆ ಇರುವ ಬೇರೆ ಬೇರೆ ಕಾರಣಗಳು ಒಂದಾಗಿಬಿಡುವವು. ಕಬ್ಬಿಣದ ಕೊರತೆ, ಕೊಕ್ಕೆಹುಳು, ಚಳಿಜ್ವರ, ತಂದೆತಾಯಿಗಳಿಂದ ಬಂದ ರಕ್ತದೋಷ, ಇವೆಲ್ಲವೂ ಪಾಂಡುವಿನ ಒಂದೇ ಕಂಬಳಿಯ ಕೆಳಗೆ ಮಲಗಿದವು. ಈ ಮಾತನ್ನು ನಮ್ಮ ವೈದ್ಯಕವನ್ನು ಹಳಿಯುವದಕ್ಕಾಗಿ ಹೇಳುತ್ತಿಲ್ಲ. ಆ ಕಾಲದ ಇಂಗ್ಲಿಷ್ ವೈದ್ಯರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಇನ್ನು ಲೆಕ್ಕದ ಪುಸ್ತಕಕ್ಕೆ ಬರೋಣ. ಮುಂಬಯಿ ಇಲಾಖೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆರೋಗ್ಯಖಾತೆಯು ಏರ್ಪಟ್ಟ ಮೇಲೆ ಹುಟ್ಟು ಸಾವುಗಳನ್ನು ಬರೆದಿಡುವ ಕೆಲಸವು ಹಳ್ಳಿಗಳಲ್ಲಿ ಕುಲಕರ್ಣಿ ಪಾಟೀಲರ ಮೇಲೆ ಬಿದ್ದಿತು. ಆಗ ಈಗಿನ ಬೈಲಹೊಂಗಲ ತಾಲೂಕಿಗೆ ಸಂಪಗಾಂವಿ ತಾಲೂಕೆಂದು ಹೆಸರು, ಕಚೇರಿಯು ಮಾತ್ರ ಬೈಲಹೊಂಗಲದಲ್ಲಿ. ಕಿತ್ತೂರು ಅದರಲ್ಲಿಯೇ ಸೇರಿದ್ದಿತು. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಸ್ಥಳ. ೧೮೮೪ರಲ್ಲಿ ಪ್ರಕಟವಾದ ಕ್ಯಾಂಪಬೆಲ್ಲನ ಬೆಳಗಾವಿ ಗ್ಯಾಝೆಟಿಯರಿನಲ್ಲಿ ಈ ಹೆಸರುಗಳೇ ಇವೆ. ರಾಮದುರ್ಗವು ಬೇರೆ ಸಂಸ್ಥಾನವಾದ್ದರಿಂದ ಅಲ್ಲಿಯ ದಫ್ತರವೂ ಬೇರೆ. ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು ೧೯೪೮ರಲ್ಲಿ. ಬ್ರಿಟಿಷ್ ತಾಲೂಕುಗಳ ಕುಲಕರ್ಣಿಯ ಮುಂದೆ ಇದ್ದ ಕೋಷ್ಟಕದಲ್ಲಿ ಸಾವಿಗೆ ಕಾರಣಗಳೆಂದು ಅಚ್ಚಾಗಿದ್ದವು ಬೆರಳಲ್ಲಿ ಎಣಿಸುವಷ್ಟು: ಪಟಕಿ, ಮೈಲಿಬೇನೆ, ಜ್ವರಗಳು, ಅತಿಸಾರ ಮತ್ತು ಆಮಶಂಕೆ, ಗಾಯ ಅಪಘಾತಗಳು, ಇತರ ಕಾರಣಗಳು. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದ ಬಳಿಕ ಅದಕ್ಕೂ ಒಂದು ಮನೆಯು ದೊರೆಯಿತು.

ಈ ಪಟ್ಟಿಯನ್ನು ಮಾಡಿದವರ ಮನಸ್ಸನ್ನು ಅರಿಯುವದು ಕಷ್ಟವಲ್ಲ. ಸರಕಾರಕ್ಕೆ ಬೇಕಾದದ್ದು ಗುಂಪುಗುಂಪಾಗಿ ಕೊಲ್ಲುವ ರೋಗಗಳ ಸುದ್ದಿಯು. ಪಟಕಿ ಎದ್ದರೆ ಯಲ್ಲಮ್ಮನ ಗುಡ್ಡದಂಥ ಜಾತ್ರೆಗಳ ಮೇಲೆ ಕಣ್ಣಿಡಬೇಕು, ಮೈಲಿ ಎದ್ದರೆ ದೇವಿ ಹಾಕುವವರನ್ನು ಓಡಿಸಬೇಕು. ಒಂದು ಮನೆಯಲ್ಲಿ ಒಂದು ಕೂಸು ಎರಡು ವರ್ಷ ಬೆಳ್ಳಗಾಗುತ್ತ ಆಗುತ್ತ ಕಣ್ಣು ಮುಚ್ಚಿದರೆ ಅದು ಊರಿಗೆ ಹರಡುವ ಭಯವಿಲ್ಲ, ಕುಲಕರ್ಣಿಯೇನೂ ವೈದ್ಯನಲ್ಲ. ಆ ಮಗುವಿಗೆ ಕೊನೆಯ ದಿವಸಗಳಲ್ಲಿ ಮೈ ಬಿಸಿಯಾಗಿದ್ದರೆ ಅವನು ‘ಜ್ವರ’ದ ಮನೆಯಲ್ಲಿ ಒಂದು ಗೆರೆ ಎಳೆದನು, ಇಲ್ಲದಿದ್ದರೆ ‘ಇತರ’ದಲ್ಲಿ. ಜ್ವರದ ಮನೆಯು ಎಷ್ಟು ವಿಶಾಲವಾಗಿದ್ದಿತೆಂದರೆ ೧೯೧೮ರ ಇನ್‌ಫ್ಲುಯೆಂಝಾದಲ್ಲಿ ಹಿಂದುಸ್ತಾನದಲ್ಲೆಲ್ಲ ಲಕ್ಷಗಟ್ಟಲೆ ಜನರು ಸತ್ತಾಗಲೂ ಆ ಸಾವುಗಳು ಬಹುಮಟ್ಟಿಗೆ ಅದರೊಳಗೇ ಹಿಡಿಸಿದವು. ಅಂಥ ಮಹಾಮಾರಿಯೇ ಅಲ್ಲಿ ಹೆಸರು ಕಳೆದುಕೊಂಡಿರುವಾಗ ಬಡ ರೈತನ ಬೆಳ್ಳಗಾದ ಕೂಸನ್ನು ಗುರುತಿಸುವವರು ಯಾರು?

ಜ್ವರದ ಲೆಕ್ಕಕ್ಕೆ ವೈದ್ಯರೂ ತಮ್ಮ ಕಾಣಿಕೆಯನ್ನು ಕೂಡಿಸಿದರು. ೧೮೪೭ರಲ್ಲಿ ಉತ್ತರ ಹಿಂದುಸ್ತಾನದ ಕಾಲುವೆಗಳ ಪ್ರದೇಶದಲ್ಲಿ ಚಳಿಜ್ವರವನ್ನು ಪರೀಕ್ಷಿಸಿದ ಡೆಂಪ್‌ಸ್ಟರ್ ಎಂಬ ವೈದ್ಯನು ಊರಿನ ಮಕ್ಕಳ ಹೊಟ್ಟೆಯನ್ನು ಮುಟ್ಟಿನೋಡಿ ಗುಲ್ಮ ಬೆಳೆದವರು ನೂರಕ್ಕೆ ಎಷ್ಟೆಂದು ಎಣಿಸಿದನು. ಆ ಎಣಿಕೆಯು ಮುಂದೆ ನೂರು ವರ್ಷ ಮಲೇರಿಯಾದ ಅಳತೆಗೋಲಾಗಿ ನಡೆಯಿತು. ಉಪಾಯವು ಜಾಣತನದ್ದೇ. ಆದರೆ ಆ ಸಾಲಿನಲ್ಲಿ ನಿಂತ ಮಕ್ಕಳ ಪೈಕಿ ಒಂದಕ್ಕೆ ಗುಲ್ಮವು ಬೆಳೆದದ್ದು ಸೊಳ್ಳೆಯ ದೆಸೆಯಿಂದಲ್ಲ, ಹುಟ್ಟಿದ ರಕ್ತದ ದೆಸೆಯಿಂದ ಎಂದು ಭಾವಿಸೋಣ. ಅದನ್ನು ಬೇರ್ಪಡಿಸುವ ಸಾಧನವು ಆ ವೈದ್ಯನ ಕೈಯಲ್ಲಿರಲಿಲ್ಲ. ಆ ಮಗುವೂ ಮಲೇರಿಯಾದ ಲೆಕ್ಕಕ್ಕೆ ಸೇರಿತು.

ಇತ್ತ ಹೀಗಿರಲು, ಅತ್ತ ಯುರೋಪದಲ್ಲಿ ರೋಗಗಳಿಗೆ ಎಲ್ಲ ದೇಶಗಳೂ ಒಪ್ಪುವ ಒಂದು ಹೆಸರಿನ ಪಟ್ಟಿ ಬೇಕೆಂಬ ಯತ್ನವು ನಡೆದಿದ್ದಿತು. ಲಂಡನ್ನಿನ ಜನನ ಮರಣಗಳ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ಗೃಹಸ್ಥನು ಒಂದೇ ರೋಗಕ್ಕೆ ನಾಲ್ಕು ಹೆಸರು, ನಾಲ್ಕು ರೋಗಕ್ಕೆ ಒಂದೇ ಹೆಸರು ಇರುವ ಅವ್ಯವಸ್ಥೆಯನ್ನು ಕಂಡು ಬೇಸತ್ತಿದ್ದನು. ೧೮೫೩ರಲ್ಲಿ ಬ್ರಸೆಲ್ಸಿನಲ್ಲಿ ಕೂಡಿದ ಅಂಕಿಸಂಖ್ಯಾಶಾಸ್ತ್ರಜ್ಞರ ಸಭೆಯು ಅವನಿಗೂ ಜಿನೀವಾದ ಮಾರ್ಕ್ ದೆಸ್ಪಿನ್ ಎಂಬವನಿಗೂ ಪಟ್ಟಿಯನ್ನು ಸಿದ್ಧಪಡಿಸಲು ಒಪ್ಪಿಸಿತು. ಇಬ್ಬರೂ ಬೇರೆ ಬೇರೆ ತತ್ತ್ವದ ಮೇಲೆ ಬೇರೆ ಬೇರೆ ಪಟ್ಟಿಗಳನ್ನು ತಂದರು. ವಿದ್ವಾಂಸರ ಸಭೆಗಳಲ್ಲಿ ಇದು ಆಗತಕ್ಕದ್ದೇ. ಕೊನೆಗೆ ೧೮೯೩ರಲ್ಲಿ ಶಿಕಾಗೋ ನಗರದಲ್ಲಿ ಪ್ಯಾರಿಸ್ಸಿನ ಝಾಕ್ ಬೆರ್ತಿಯೋನನು ಮಂಡಿಸಿದ ಪಟ್ಟಿಯು ಸರ್ವರಿಗೂ ಸಮ್ಮತವಾಯಿತು. ಅಪರಾಧಿಗಳ ಅಂಗಾಂಗಗಳನ್ನು ಅಳೆದು ಗುರುತು ಹಿಡಿಯುವ ಪದ್ಧತಿಯನ್ನು ಪೋಲೀಸರಿಗೆ ಕಲಿಸಿದ ಅಲ್ಫೋನ್ಸ್ ಬೆರ್ತಿಯೋನನು ಇವನ ಸ್ವಂತ ತಮ್ಮ. ಅಣ್ಣನು ಸಾವನ್ನೂ ತಮ್ಮನು ಕಳ್ಳನನ್ನೂ ವಿಂಗಡಿಸಿದರೆಂದು ಹೇಳಬಹುದು. ೧೯೦೦ರಲ್ಲಿ ಪ್ಯಾರಿಸ್ಸಿನಲ್ಲಿ ೨೬ ದೇಶಗಳ ಪ್ರತಿನಿಧಿಗಳು ಕೂಡಿ ಈ ಪಟ್ಟಿಯನ್ನು ತಿದ್ದಿದರು. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷಕ್ಕೊಮ್ಮೆ ತಿದ್ದುತ್ತ ಹೋಗುವ ಸಂಪ್ರದಾಯವು ಬಿದ್ದಿತು. ಆದರೂ ೧೯೦೯ರ ಪಟ್ಟಿಯಲ್ಲಿ ನೋಡಿದರೆ ೫೪ನೆಯ ಅಂಕದ ಎದುರಿಗೆ ರಕ್ತಹೀನತೆಯ ನಾನಾ ಬಗೆಗಳೆಲ್ಲ ಒಂದೇ ತೆಕ್ಕೆಯಲ್ಲಿವೆ. ಕುಲಕರ್ಣಿಯ ಕೋಷ್ಟಕಕ್ಕಿಂತ ಒಂದು ಮೆಟ್ಟಿಲು ಮೇಲೆ ಎಂದು ಹೇಳಬಹುದು, ಅಷ್ಟೇ.

ಪಟ್ಟಿ ಮಾಡಿದವರನ್ನು ದೂರುವಂತಿಲ್ಲ, ಏಕೆಂದರೆ ರೋಗವನ್ನು ಗುರುತಿಸಿದವರೇ ಆಗ ಇರಲಿಲ್ಲ. ೧೯೧೦ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಎಂಬ ವೈದ್ಯನು ಗ್ರೆನಾಡಾ ದ್ವೀಪದಿಂದ ಬಂದ ಒಬ್ಬ ವಿದ್ಯಾರ್ಥಿಯ ರಕ್ತದಲ್ಲಿ ಕುಡಗೋಲಿನಾಕಾರದ ಕಣಗಳನ್ನು ಕಂಡು ಬರೆದನು. ೧೯೨೫ರಲ್ಲಿ ಡೆಟ್ರಾಯ್ಟಿನ ಮಕ್ಕಳ ವೈದ್ಯನಾದ ಥಾಮಸ್ ಕೂಲಿ ಎಂಬವನು ತನ್ನ ಸಹಾಯಕನೊಡನೆ, ಗುಲ್ಮ ಬೆಳೆದು ಮುಖದ ಎಲುಬು ಉಬ್ಬಿದ ಮಕ್ಕಳ ಒಂದು ಬೇರೆಯೇ ರೋಗವನ್ನು ವರ್ಣಿಸಿದನು. ಆ ಮಕ್ಕಳು ಇಟಲಿ, ಗ್ರೀಸ್ ಮೊದಲಾದ ಭೂಮಧ್ಯಸಮುದ್ರದ ತೀರದಿಂದ ವಲಸೆ ಹೋದವರ ಮಕ್ಕಳಾದ್ದರಿಂದ ೧೯೩೨ರಲ್ಲಿ ವಿಪ್ಪಲ್ ಮತ್ತು ಬ್ರಾಡ್‌ಫರ್ಡ್ ಎಂಬವರು ಸಮುದ್ರವಾಚಕವಾದ ಗ್ರೀಕ್ ಶಬ್ದದಿಂದ ಥಲಸ್ಸೀಮಿಯಾ ಎಂಬ ಹೆಸರನ್ನು ಕಟ್ಟಿದರು. ಸಮುದ್ರವನ್ನೇ ಕಾಣದ ಪರಸಗಡದ ಹಳ್ಳಿಯ ಕೂಸಿಗೆ ಸಮುದ್ರದ ಹೆಸರಿನ ರೋಗ! ಆರು ವರ್ಷ ಕಳೆಯುವದರೊಳಗೆ, ಅಂದರೆ ೧೯೩೮ರಲ್ಲಿ, ಕಲಕತ್ತೆಯಲ್ಲಿ ಮುಖರ್ಜಿ ಎಂಬ ವೈದ್ಯರು ಭಾರತದ ಮೊದಲನೆಯ ಥಲಸ್ಸೀಮಿಯಾ ರೋಗಿಯ ವಿಷಯವನ್ನು ಪ್ರಕಟಿಸಿದರು. ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಆತನ ಜೊತೆಗಾರರು ಸಿಕಲ್ ಸೆಲ್ ರೋಗದ ಮೂಲವು ಹಿಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಇದೆಯೆಂದು ತೋರಿಸಿದರು. ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬವರು ನೀಲಗಿರಿಯ ಗಿರಿಜನರ ರಕ್ತವನ್ನು ಪರೀಕ್ಷಿಸಿ ಆ ಗುಣವು ದಕ್ಷಿಣ ಭಾರತದಲ್ಲಿಯೂ ಇರುವದೆಂದು ಲೋಕಕ್ಕೆ ತಿಳಿಸಿದರು.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. ಇಷ್ಟು ಮಕ್ಕಳನ್ನು ಕೊಲ್ಲುವ ದೋಷವು ತಲೆತಲಾಂತರದಿಂದ ಅಳಿದುಹೋಗದೆ ಉಳಿದುಬಂದದ್ದು ಹೇಗೆ? ೧೯೪೮ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಆನುವಂಶಿಕ ಶಾಸ್ತ್ರಜ್ಞರ ಸಭೆಯಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಅವರು ಒಂದು ಊಹೆಯನ್ನು ಮುಂದಿಟ್ಟರು. ಅದು ಮರುವರ್ಷ ಅಚ್ಚಾಯಿತು. ಥಲಸ್ಸೀಮಿಯಾದ ವಾಹಕರ ಸಣ್ಣ ರಕ್ತಕಣಗಳಲ್ಲಿ ಮಲೇರಿಯಾದ ಜೀವಿಯು ಚೆನ್ನಾಗಿ ಬೆಳೆಯಲಾರದು. ಆದ್ದರಿಂದ ಚಳಿಜ್ವರದ ನಾಡಿನಲ್ಲಿ ವಾಹಕರು ಇತರರಿಗಿಂತ ಹೆಚ್ಚಾಗಿ ಬದುಕಿ ಉಳಿದಿರಬೇಕು ಎಂಬದೇ ಆ ಊಹೆಯು. ೧೯೫೪ರಲ್ಲಿ ಆಂಥನಿ ಆಲಿಸನ್ ಅವರು ಪೂರ್ವ ಆಫ್ರಿಕೆಯಲ್ಲಿ ನಡೆಸಿದ ಪರೀಕ್ಷೆಗಳಿಂದ ಸಿಕಲ್ ಸೆಲ್ ಗುಣದ ಮಟ್ಟಿಗೆ ಇದು ದೃಢಪಟ್ಟಿತು. ಹಾಲ್ಡೇನ್ ಅವರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಈ ದೇಶದ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ದೇಹವಿಟ್ಟರು. ಅವರ ಮಾತಿನ ಬೆಳಕಿನಲ್ಲಿ ನಮ್ಮ ಕುಲಕರ್ಣಿಯ ಪುಸ್ತಕವನ್ನು ತಿರುಗಿ ತೆರೆದರೆ ಮೈ ಜುಮ್ಮೆನ್ನುವದು. ಯಾವ ಜ್ವರದ ಹೆಸರಿನ ಕೆಳಗೆ ಈ ಮಕ್ಕಳು ಮರೆಯಾದರೋ ಆ ಜ್ವರವೇ ಅವರ ಅಜ್ಜ ಮುತ್ತಜ್ಜರ ರಕ್ತದಲ್ಲಿ ಈ ದೋಷವನ್ನು ಕಾಪಾಡಿಕೊಂಡು ಬಂದಿದ್ದಿತು. ಆ ಜ್ವರದ ಜೋರು ಮುರಿದದ್ದು ನಮ್ಮ ನೆರೆಯಲ್ಲಿಯೇ. ೧೯೪೬ರಲ್ಲಿ ಮುಂಬಯಿ ಸರಕಾರವು ಧಾರವಾಡ ಮತ್ತು ಕಾರವಾರ ಜಿಲ್ಹೆಗಳ ಹಳ್ಳಿಗಳಲ್ಲಿ ಡಿ. ಡಿ. ಟಿ. ಸಿಂಪಡಿಸುವ ದೊಡ್ಡ ಪ್ರಯೋಗವನ್ನು ಕೈಕೊಂಡಿತು, ೧೯೫೩ರಲ್ಲಿ ಅದು ದೇಶಕ್ಕೆಲ್ಲ ವಿಸ್ತಾರವಾಯಿತು. ಜ್ವರವು ಇಳಿದ ಮೇಲೂ ಇಳಿಯದ ಗುಲ್ಮಗಳು ವೈದ್ಯರ ಕಣ್ಣಿಗೆ ಬೀಳತೊಡಗಿದವು.

ರಾಮದುರ್ಗವು ವಿಲೀನವಾದ ೧೯೪೮ನೆಯ ಇಸವಿಯಲ್ಲಿಯೇ ರೋಗಗಳ ಪಟ್ಟಿಯೂ ಕೈ ಬದಲಿಸಿತು. ಆಗತಾನೆ ಹುಟ್ಟಿದ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ವಹಿಸಿಕೊಂಡು ಆರನೆಯ ಪರಿಷ್ಕರಣವನ್ನು ಹೊರಡಿಸಿತು. ಅಲ್ಲಿಯವರೆಗೆ ಅದು ಮುಖ್ಯವಾಗಿ ಸತ್ತವರ ಪಟ್ಟಿ. ಅಂದಿನಿಂದ ಬದುಕಿರುವ ರೋಗಿಗಳ ಪಟ್ಟಿಯೂ ಆಯಿತು. ವರ್ಷಾನುಗಟ್ಟಲೆ ಬಾಳುವ ರಕ್ತರೋಗಿಗಳಿಗೆ ಈ ಬದಲಾವಣೆಯು ಎಷ್ಟು ದೊಡ್ಡದೆಂಬದನ್ನು ಬೇರೆ ಹೇಳಬೇಕಾಗಿಲ್ಲ. ೧೯೭೫ರ ಒಂಬತ್ತನೆಯ ಪರಿಷ್ಕರಣದಲ್ಲಿ ಥಲಸ್ಸೀಮಿಯಾಕ್ಕೆ ೨೮೨.೪, ಸಿಕಲ್ ಸೆಲ್ ರೋಗಕ್ಕೆ ೨೮೨.೬ ಎಂಬ ಅಂಕಗಳಿದ್ದವು. ೧೯೯೦ರಲ್ಲಿ ಅಂಗೀಕೃತವಾದ ಹತ್ತನೆಯದರಲ್ಲಿ ಅಂಕದ ಹಿಂದೆ ಒಂದು ಇಂಗ್ಲಿಷ್ ಅಕ್ಷರವನ್ನು ಸೇರಿಸಿದರು. ಅದರ ಪ್ರಕಾರ ಥಲಸ್ಸೀಮಿಯಾವು ಡಿ ೫೬. ಚುಕ್ಕೆಯ ಮುಂದೆ ೧ ಎಂದಿದ್ದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಬೀಟಾ ಜಾತಿಯದು, ೩ ಎಂದಿದ್ದರೆ ಕೇವಲ ವಾಹಕ, ೯ ಎಂದಿದ್ದರೆ ಬಗೆ ತಿಳಿಸಿಲ್ಲ. ಸಿಕಲ್ ಸೆಲ್ ರೋಗವು ಡಿ ೫೭. ಹಿಮೋಫಿಲಿಯಾದ ಎರಡು ಬಗೆಗಳು ಡಿ ೬೬ ಮತ್ತು ಡಿ ೬೭.

ಈ ಅಂಕಗಳನ್ನು ನೋಡಿ ‘ಇದೇನು ಜಮಾಖರ್ಚಿನ ವ್ಯವಹಾರ’ ಎಂದು ನಗುವವರು ಉಂಟು. ಬರಿಯ ಒಂದು ಅಕ್ಷರ ಎರಡು ಅಂಕೆಗಳಿಂದ ಏನಾದೀತು? ಕಿತ್ತೂರ ಸೀಮೆಯವರಾದರೂ ಈ ಪ್ರಶ್ನೆಯನ್ನು ಕೇಳಬಾರದು. ೧೮೨೪ರ ಸಪ್ಟಂಬರದಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ, ದತ್ತಕದ ಪತ್ರದ ಮೇಲಿನ ಸಹಿಯನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ನಂಬದೆ ಹೋದದ್ದರಿಂದ ಎಂಥ ರಕ್ತಪಾತವಾಯಿತೆಂಬದನ್ನು ಇಲ್ಲಿಯ ಮಕ್ಕಳೂ ಬಲ್ಲರು. ಕಾಗದದ ಮೇಲೆ ಬರೆದದ್ದು ಯಾವ ಮಾತಿನಲ್ಲಿ, ಯಾವ ಗಳಿಗೆಯಲ್ಲಿ, ಯಾರ ಕೈಯಿಂದ ಎಂಬದರ ಮೇಲೆಯೇ ಹಕ್ಕು ನಿಲ್ಲುವದು.

ರಕ್ತರೋಗಿಯ ಹಕ್ಕೂ ಈಗ ಹಾಗೆಯೇ ಕಾಗದದ ಮೇಲೆ ನಿಂತಿದೆ. ೧೮೮೧ರ ಖಾನೇಸುಮಾರಿಯಲ್ಲಿ ಸರಕಾರವು ಎಣಿಸಿದ ಅಂಗವೈಕಲ್ಯಗಳು ನಾಲ್ಕೇ: ಹುಚ್ಚು, ಕಿವುಡುಮೂಕತನ, ಕುರುಡು, ಕುಷ್ಠ. ೧೯೯೫ರ ಕಾಯಿದೆಯಲ್ಲಿ ಅವು ಏಳಾದವು. ೨೦೧೬ರಲ್ಲಿ ಮಾಡಿ ೧೯ ಏಪ್ರಿಲ್ ೨೦೧೭ರಿಂದ ಜಾರಿಗೆ ತಂದ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಇಪ್ಪತ್ತೊಂದಾದವು; ಥಲಸ್ಸೀಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಮೂರಕ್ಕೂ ಅದರಲ್ಲಿ ಸ್ಥಾನವು ದೊರೆಯಿತು. ಕುಲಕರ್ಣಿಯ ಕೋಷ್ಟಕದಲ್ಲಿ ‘ಇತರ’ವಾಗಿದ್ದ ಮಗುವು ನೂರು ವರ್ಷಗಳಲ್ಲಿ ಸ್ವಂತ ಹೆಸರನ್ನು ಪಡೆದು ಪ್ರಮಾಣಪತ್ರವನ್ನು ಕೇಳುವ ಅಧಿಕಾರಿಯಾಯಿತು. ಆದರೆ ಪ್ರಮಾಣಪತ್ರವು ಬೇಕಾದರೆ ರೋಗದ ಹೆಸರು ಸ್ಪಷ್ಟವಾಗಿ ಬರೆದಿರಬೇಕು. ಆಸ್ಪತ್ರೆಯ ಕೇಸು ಕಾಗದದ ಮೇಲೆ ಬರಿಯ ‘ಅನೀಮಿಯಾ’ ಎಂದಿದ್ದರೆ ದಾಖಲೆಯ ಗುಮಾಸ್ತನು ಡಿ ೬೪.೯ ಎಂದು ಹಾಕುವನು. ‘ಕಾರಣ ತಿಳಿಸದ ರಕ್ತಹೀನತೆ’ ಎಂಬದು ಅದರ ಅರ್ಥ. ಗುಮಾಸ್ತನನ್ನು ಬೈದು ಫಲವಿಲ್ಲ. ವೈದ್ಯನು ಬರೆಯದೆ ಇದ್ದುದನ್ನು ಅವನು ಊಹಿಸಿ ಬರೆಯಕೂಡದೆಂಬದೇ ಆ ಕೆಲಸದ ಮೊದಲನೆಯ ನಿಯಮ.

ಈ ಸ್ಪಷ್ಟತೆಯು ತಪ್ಪಿಹೋಗುವ ಒಂದು ಜಾಗವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೆಳ್ಳಗಾಗಿ ಏದುಸಿರು ಬಿಡುವ ಕೂಸನ್ನು ಎತ್ತಿಕೊಂಡು ತಂದೆತಾಯಿಗಳು ತಾಲೂಕಿನ ಊರಿಗೆ ಓಡುವರು. ಅಲ್ಲಿ ಮೊದಲು ರಕ್ತ ಏರಿಸಿ ಜೀವ ಉಳಿಸುವರು, ಅದು ಸರಿಯೇ. ಆದರೆ ಏರಿಸಿದ ಮೇಲೆ ಕೂಸಿನ ಮೈಯಲ್ಲಿ ಹರಿಯುವದು ಬಹುಪಾಲು ದಾನಿಯ ರಕ್ತ. ಆ ಬಳಿಕ ಸುಮಾರು ಮೂರು ತಿಂಗಳ ತನಕ ಹಿಮೋಗ್ಲೋಬಿನ್ನಿನ ಪರೀಕ್ಷೆಯು ದಾರಿ ತಪ್ಪಿಸಬಹುದು. ಏರಿಸುವ ಮುಂಚೆಯೇ ಕೂಸಿನ ರಕ್ತದ ಒಂದು ಸಣ್ಣ ಸೀಸೆಯನ್ನು ಪರೀಕ್ಷೆಗೆಂದು ತೆಗೆದಿಟ್ಟರೆ ಈ ತೊಡಕಿಲ್ಲ. ಹಾಗೆ ತೆಗೆದಿಡದೆ ಹೋದಾಗ ಕುಟುಂಬವು ಈ ತ್ರೈಮಾಸಿಕದಲ್ಲಿ ಹುಬ್ಬಳ್ಳಿ, ಮುಂದಿನದರಲ್ಲಿ ಬೆಳಗಾವಿ ಎಂದು ಅಲೆಯುವದು. ಒಂದೊಂದು ಕಡೆ ಒಂದೊಂದು ಹೆಸರನ್ನು ಬರೆಯಿಸಿಕೊಂಡು ಬರುವದು. ರಾಮದುರ್ಗದ ನೇಕಾರನಿಗೆ ಎರಡೂ ಊರುಗಳು ದೂರವೇ. ಹೋದ ದಿನದ ಕೂಲಿಯೂ ಹೋಯಿತು. ಮೊದಲ ಪರೀಕ್ಷೆಯ ಕಾಗದವನ್ನು ಹೊಲದ ಉತಾರದ ಜೊತೆಗೆ ಕಟ್ಟಿಡುವ ಮನೆಯವರು ಜಾಣರು.

ಇನ್ನು ಡಿ ೫೬.೧ಕ್ಕೂ ಡಿ ೫೬.೩ಕ್ಕೂ ಇರುವ ಅಂತರ. ಚುಕ್ಕೆಯ ಮುಂದಿನ ಒಂದು ಅಂಕೆಯಲ್ಲಿ ರೋಗಿ ಮತ್ತು ವಾಹಕರೆಂಬ ಭೇದವಡಗಿದೆ. ವಾಹಕಳಾದ ಹೆಂಗಸಿಗೆ ಯಾವ ರೋಗವೂ ಇಲ್ಲ, ಆಕೆಗೆ ಯಾವ ಪ್ರಮಾಣಪತ್ರವೂ ಬೇಡ. ಆದರೆ ಆಕೆಯ ರಕ್ತವು ಸ್ವಲ್ಪ ತೆಳುವಾಗಿ ಕಾಣುವದರಿಂದ ಬಸುರಿನಲ್ಲಿ ಆಕೆಗೆ ಕಬ್ಬಿಣದ ಗುಳಿಗೆಗಳನ್ನು ಕೊಟ್ಟು, ಕಬ್ಬಿಣದ ಕೊರತೆಯೆಂದೇ ಡಿ ೫೦ರ ಕೆಳಗೆ ಬರೆದುಬಿಡುವದು ಸುಲಭ. ಗುಳಿಗೆಯಿಂದ ಗುಣ ಕಾಣದಿದ್ದರೆ ‘ನೀನು ಸರಿಯಾಗಿ ನುಂಗಲಿಲ್ಲ’ ಎಂಬ ಮಾತು ಬೇರೆ. ಗಂಡನೂ ವಾಹಕನಾಗಿದ್ದರೆ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಕೂಸಾಗುವ ಸಂಭವವುಂಟು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ನಮ್ಮ ಕಡೆಯ ವಾಡಿಕೆಯಲ್ಲಿ, ಒಂದೇ ಅಜ್ಜನಿಂದ ಬಂದ ದೋಷವು ಗಂಡಹೆಂಡಿರಿಬ್ಬರಲ್ಲಿಯೂ ಇರುವ ಸಂಭವವು ಹೆಚ್ಚು. ಸಂಬಂಧದಲ್ಲಿ ಮದುವೆಯಾದದ್ದೇ ರೋಗಕ್ಕೆ ಕಾರಣವೆಂದು ತಾಯಿಯನ್ನು ಚುಚ್ಚುವವರು ಈ ಲೆಕ್ಕವನ್ನು ಅರಿತವರಲ್ಲ. ದೋಷವು ಮದುವೆಗಿಂತ ಎಷ್ಟೋ ತಲೆಮಾರು ಹಳೆಯದು, ಮತ್ತು ತಂದೆಯ ಪಾಲು ತಾಯಿಯ ಪಾಲಿಗೆ ಸರಿಸಮ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಜನರು ಬೀಟಾ ಥಲಸ್ಸೀಮಿಯಾದ ವಾಹಕರೆಂದೂ, ವರುಷಕ್ಕೆ ಹತ್ತು ಹನ್ನೆರಡು ಸಾವಿರ ಕೂಸುಗಳು ರೋಗದೊಡನೆ ಹುಟ್ಟುವವೆಂದೂ ಕೇಂದ್ರ ಸರಕಾರದ ಆರೋಗ್ಯ ಖಾತೆಯು ೨೦೧೬ರಲ್ಲಿ ಅಂದಾಜು ಮಾಡಿತು. ಲಗ್ನಕ್ಕೆ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದರೆ ಗುಣವು ಗೊತ್ತಾಗುವದು. ಜಾತಕದಂತೆ ತಿರುತಿರುಗಿ ಕೂಡಿಸಿ ನೋಡಬೇಕಾಗಿಲ್ಲ.

ಸಾವಿನ ಲೆಕ್ಕದಲ್ಲಿ ಮಾತ್ರ ಹಳೆಯ ಮಬ್ಬು ಇನ್ನೂ ಪೂರ್ತಿಯಾಗಿ ಹರಿದಿಲ್ಲ. ಕುಲಕರ್ಣಿ ವತನವು ೧೯೫೦ರ ಕಾಯಿದೆಯಿಂದ ರದ್ದಾಯಿತು, ತಲಾಟಿಗಳು ಬಂದರು, ೧೯೬೯ರಲ್ಲಿ ಜನನ ಮರಣ ನೋಂದಣಿಯ ಕಾಯಿದೆಯು ದೇಶಕ್ಕೆಲ್ಲ ಒಂದಾಯಿತು. ರೋಗಿಯನ್ನು ಕೊನೆಗಾಲದಲ್ಲಿ ನೋಡಿದ ವೈದ್ಯನು ಸಾವಿನ ಕಾರಣವನ್ನು ಬರೆದುಕೊಡುವ ನಮೂನೆಯು ಆ ಕಾಯಿದೆಯ ಕೆಳಗೆ ಇದೆ. ಆದರೂ ೨೦೨೦ರಲ್ಲಿ ಭಾರತದಲ್ಲಿ ದಾಖಲಾದ ಮರಣಗಳ ಪೈಕಿ ವೈದ್ಯರ ಸಹಿಯಿಂದ ಕಾರಣ ಬರೆದುಕೊಟ್ಟವು ನೂರಕ್ಕೆ ೨೨.೫ ಮಾತ್ರ. ಬರೆದುಕೊಟ್ಟವುಗಳಲ್ಲಿಯೂ ನಮೂನೆಯನ್ನು ತುಂಬುವ ರೀತಿಯು ಮುಖ್ಯ. ಮೊದಲನೆಯ ಸಾಲಿನಲ್ಲಿ ಕೊನೆಗೆ ಪ್ರಾಣ ತೆಗೆದ ಕಾರಣ, ಅದರ ಕೆಳಗೆ ಅದಕ್ಕೆ ಕಾರಣವಾದದ್ದು, ಎಲ್ಲಕ್ಕೂ ಕೆಳಗೆ ಎಲ್ಲದರ ಮೂಲ. ಇಪ್ಪತ್ತು ವರ್ಷ ರಕ್ತ ಏರಿಸಿಕೊಂಡ ತರುಣನು ಕಬ್ಬಿಣ ತುಂಬಿದ ಹೃದಯವು ಸೋತು ತೀರಿಕೊಂಡರೆ, ಮೊದಲನೆಯ ಸಾಲಿನಲ್ಲಿ ‘ಹೃದಯಾಘಾತ’ ಎಂದು ಬರೆದು ಕೈ ತೊಳೆದುಕೊಂಡಾಗ ಆ ಸಾವು ಹೃದಯರೋಗದ ಲೆಕ್ಕಕ್ಕೆ ಹೋಗುವದು. ಕೆಳಗಿನ ಸಾಲಿನಲ್ಲಿ ‘ಬೀಟಾ ಥಲಸ್ಸೀಮಿಯಾ’ ಎಂದು ಬರೆದರೆ ಡಿ ೫೬.೧ಕ್ಕೆ ಸೇರುವದು. ಯಾವ ಜಿಲ್ಹೆಗೆ ಎಷ್ಟು ರಕ್ತನಿಧಿ, ಎಷ್ಟು ಔಷಧ, ಎಲ್ಲಿ ಪರೀಕ್ಷೆಯ ಯಂತ್ರ ಎಂಬದನ್ನು ನಿರ್ಧರಿಸುವ ಅಧಿಕಾರಿಯ ಮೇಜಿನ ಮೇಲೆ ಬರುವದು ಈ ಲೆಕ್ಕವೇ ಹೊರತು ಆ ತಾಯಿಯ ಅಳುವಲ್ಲ.

ಸಿಕಲ್ ಸೆಲ್ ರೋಗದ ಮಟ್ಟಿಗೆ ಲೆಕ್ಕವನ್ನು ಹುಡುಕಿಕೊಂಡು ಹೋಗುವ ಕೆಲಸವು ಆರಂಭವಾಗಿದೆ. ೧ ಜುಲೈ ೨೦೨೩ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಪ್ರಾರಂಭಿಸಿದ ರಾಷ್ಟ್ರೀಯ ಯೋಜನೆಯಲ್ಲಿ ಹದಿನೇಳು ರಾಜ್ಯಗಳು ಸೇರಿದವು, ಕರ್ನಾಟಕವೂ ಅವುಗಳಲ್ಲೊಂದು. ಗಿರಿಜನರೇ ಮೊದಲಾದವರಲ್ಲಿ ನಲವತ್ತು ವಯಸ್ಸಿನ ಒಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, ೨೦೪೭ರೊಳಗೆ ರೋಗವನ್ನು ಇಲ್ಲವಾಗಿಸುವದು ಅದರ ಗುರಿ. ಥಲಸ್ಸೀಮಿಯಾದ ವಾಹಕರನ್ನು ಹೀಗೆ ಮನೆಮನೆಗೆ ಹೋಗಿ ಎಣಿಸಿದ ಯೋಜನೆಯು ನಮ್ಮ ನಾಲ್ಕು ಊರುಗಳ ಬಯಲುಸೀಮೆಗೆ ಬರುವವರೆಗೆ, ಬಸುರಿ ಹೆಂಗಸರ ಚೀಟಿಯ ಮೇಲೆ ಬರೆಯುವ ಒಂದು ಶಬ್ದವೇ ಎಣಿಕೆಯ ಮೊದಲು.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಒಪ್ಪಿ ೧ ಜನವರಿ ೨೦೨೨ರಿಂದ ಜಾರಿಗೆ ತಂದ ಹನ್ನೊಂದನೆಯ ಪರಿಷ್ಕರಣದಲ್ಲಿ ಥಲಸ್ಸೀಮಿಯಾದ ಅಂಕವು ಮತ್ತೊಮ್ಮೆ ಬದಲಾಗಿದೆ. ಅದೀಗ ೩ಎ೫೦, ಸಿಕಲ್ ಸೆಲ್ ೩ಎ೫೧. ಗಣಕಯಂತ್ರದಲ್ಲಿಯೇ ಓದುವಂತೆ ರಚಿಸಿದ ಈ ಪಟ್ಟಿಯಲ್ಲಿ ಒಂದೊಂದು ರೋಗದ ಒಡಲಲ್ಲಿ ಎಷ್ಟೋ ಉಪವಿಭಾಗಗಳಿವೆ. ಬಗೆಯನ್ನು ತಿಳಿಸದೆ ಬರೆದ ರೋಗಿಗಾಗಿ ಕೊನೆಯಲ್ಲಿ ಇಂಗ್ಲಿಷಿನ ಕಟ್ಟಕಡೆಯ ಅಕ್ಷರವಾದ ಝಡ್ ಎಂಬದನ್ನು ಇಟ್ಟಿದ್ದಾರೆ. ಸಂಪಗಾಂವಿಯ ಕುಲಕರ್ಣಿಯು ‘ಇತರ ಕಾರಣಗಳು’ ಎಂದು ಗೆರೆ ಎಳೆಯುತ್ತಿದ್ದ ಮನೆಯು ಇದೇ.